ಗಾಡಿಗೆ ಎರಡನೇ ಬ್ಯಾಟರಿ: ವೈರ್ ಯಾಕೆ ಬಿಸಿಯಾಯ್ತು, ಸೆಲ್ಫ್ ಯಾಕೆ ಎತ್ತಲಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ಸಂಜೆ ಹೊತ್ತು ಮಿರ್ಚಿ, ಮಂಡಕ್ಕಿ, ದೋಸೆ ಮಾರುವ ಗಾಡಿ ಇಟ್ಟಿದ್ದೇನೆ. ಬಿಎಸ್6 ಡೀಸೆಲ್ ಪಿಕಪ್, ಹಿಂದೆ ಕ್ಯಾಂಟೀನ್ ಬಾಡಿ ಕಟ್ಟಿಸಿದ್ದೇನೆ. ನಾಲ್ಕು ಎಲ್ಇಡಿ ಲೈಟು, ಎಕ್ಸಾಸ್ಟ್ ಫ್ಯಾನು, 12 ವೋಲ್ಟಿನ ಚಿಕ್ಕ ಫ್ರಿಜ್, ಬಿಲ್ ಮಷಿನ್ನು, ಮೊಬೈಲ್ ಚಾರ್ಜಿಂಗ್ ಇದೆ. ಚಟ್ನಿಗೆ ಇನ್ವರ್ಟರ್ ಮೇಲೆ ಮಿಕ್ಸಿ ಆಗಾಗ ಓಡಿಸುತ್ತೇವೆ. ಮನೆಯ ಇನ್ವರ್ಟರಿನ ಹಳೆಯ 150 ಎಎಚ್ ಟ್ಯೂಬುಲಾರ್ ಬ್ಯಾಟರಿ ಇತ್ತು. ಅದನ್ನು ಗ್ಯಾಸ್ ಸಿಲಿಂಡರ್ ಪಕ್ಕದ ಬಾಕ್ಸಿನಲ್ಲಿಟ್ಟು, ಎಲೆಕ್ಟ್ರಿಷಿಯನ್ ಒಬ್ಬರ ಕೈಲಿ ಗಾಡಿಯ ಬ್ಯಾಟರಿಗೆ ಪ್ಲಸ್‌ಗೆ ಪ್ಲಸ್ ಸೇರಿಸಿದೆ. ಮನೆ ವೈರಿಂಗಿನ 2.5 ಎಂಎಂ ವೈರ್ ಉಳಿದಿತ್ತು, ಅದನ್ನೇ ಎಳೆದರು. ಫ್ಯೂಸ್ ಹಾಕಿಲ್ಲ. ಮೊದಲ ಎರಡು ದಿನ ಚೆನ್ನಾಗಿತ್ತು. ನಾಲ್ಕನೇ ರಾತ್ರಿ ಸೆಲ್ಫ್ ಎತ್ತಲಿಲ್ಲ, ನಾಲ್ಕು ಜನ ಸೇರಿ ತಳ್ಳಬೇಕಾಯ್ತು. ಮರುದಿನ ಸೀಟಿನ ಹಿಂದೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ವೈರ್ ಮುಟ್ಟಿದರೆ ಬಿಸಿ. ಒಬ್ಬರು ಡಯೋಡ್ ಹಾಕು ಅಂತಾರೆ, ಒಬ್ಬರು ಲಿಥಿಯಂ ತಗೋ ಅಂತಾರೆ, ಇನ್ನೊಬ್ಬರು ಎಂಜಿನ್ ಬಂದ್ ಮಾಡದೆ ವ್ಯಾಪಾರ ಮಾಡು ಅಂತಾರೆ. ದೊಡ್ಡ ಬ್ಯಾಟರಿ ಹಾಕಿದ್ದಕ್ಕೆ ಡೈನಮೋ ಸುಟ್ಟುಹೋಗುತ್ತದೆ ಅಂತಲೂ ಹೆದರಿಸಿದ್ದಾರೆ. ಏನು ಮಾಡಲಿ?

ಉತ್ತರ: ಈ ಉತ್ತರ ಪೂರ್ತಿ ಓದುವ ಮೊದಲು ಆ ವೈರನ್ನು ಬಿಚ್ಚಿಡಿ. ಎಂಜಿನ್ ಬಂದ್ ಮಾಡಿ, ಸಿಲಿಂಡರಿನ ವಾಲ್ವ್ ಮುಚ್ಚಿ, ಬ್ಯಾಟರಿ ಬಾಕ್ಸಿನ ಮುಚ್ಚಳ ತೆಗೆದು ಹತ್ತು ನಿಮಿಷ ಗಾಳಿಯಾಡಲು ಬಿಡಿ. ಕೈಯಲ್ಲಿ ಉಂಗುರ, ವಾಚು ಇದ್ದರೆ ತೆಗೆಯಿರಿ. ಎರಡೂ ಬ್ಯಾಟರಿಗಳ ಮೈನಸ್ ಮೊದಲು ಬಿಚ್ಚಿ, ಆಮೇಲೆ ಆ ಪ್ಲಸ್ ವೈರಿನ ಎರಡೂ ತುದಿ ಬಿಚ್ಚಿ. ವೈರ್ ತೆಗೆದ ಮೇಲೆ ಗಾಡಿಯ ಬ್ಯಾಟರಿಯ ಮೈನಸ್ ಮತ್ತೆ ಕೂಡಿಸಿದರೆ ಗಾಡಿ ಮೊದಲಿನಂತೆ ಓಡುತ್ತದೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ಸೆಲ್ಫ್ ಎತ್ತದ ವಿಷಯವಲ್ಲ. ಫ್ಯೂಸ್ ಇಲ್ಲದ ಬಿಸಿ ವೈರೂ ಗ್ಯಾಸ್ ಸಿಲಿಂಡರೂ ಒಂದೇ ಗಾಡಿಯಲ್ಲಿವೆ, ಅದರ ಸುತ್ತ ಜನ ನಿಂತು ತಿಂಡಿ ತಿನ್ನುತ್ತಾರೆ ಎನ್ನುವುದು.

12 ವೋಲ್ಟ್ ಕರೆಂಟ್ ಹೊಡೆಯುವುದಿಲ್ಲವಲ್ಲ, ಅಪಾಯ ಏನು ಎಂದು ಅನೇಕರು ಕೇಳುತ್ತಾರೆ. ಶಾಕ್ ಹೊಡೆಯುವುದಿಲ್ಲ ಎನ್ನುವುದು ನಿಜ. ಆದರೆ ಬೆಂಕಿ ಹತ್ತಲು ಹೆಚ್ಚು ವೋಲ್ಟೇಜ್ ಬೇಕಿಲ್ಲ, ಆಂಪ್ಸ್ ಸಾಕು. ಗಾಡಿಯ ಬ್ಯಾಟರಿಯ ಒಳಗಿನ ತಡೆ ಎಷ್ಟು ಕಡಿಮೆ ಎಂದರೆ ನೇರ ಶಾರ್ಟ್ ಆದರೆ ಅದು ಸಾವಿರ ಆಂಪ್ಸ್‌ಗೂ ಮೀರಿ ಕೊಡಬಲ್ಲದು. ನಿಮ್ಮ ವೈರಿನ ಲೆಕ್ಕವನ್ನೇ ನೋಡೋಣ. ನಾಲ್ಕು ಮೀಟರ್ ಉದ್ದದ 2.5 ಎಂಎಂ ತಾಮ್ರದ ವೈರಿನ ತಡೆ ಸುಮಾರು 0.028 ಓಮ್. ಅದು ಛಾಸಿಯ ಯಾವುದೋ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದು ಬಾಡಿಗೆ ತಾಗಿತು ಎಂದುಕೊಳ್ಳಿ. ಮುನ್ನೂರು ಮುನ್ನೂರೈವತ್ತು ಆಂಪ್ಸ್ ಅದರಲ್ಲಿ ಹರಿಯುತ್ತದೆ. ಅಷ್ಟು ಸಣ್ಣ ತಾಮ್ರದಲ್ಲಿ ಅಷ್ಟು ಕರೆಂಟ್ ಹರಿದರೆ ಪ್ರತಿ ಸೆಕೆಂಡಿಗೆ ನೂರು ಡಿಗ್ರಿಯಷ್ಟು ಬಿಸಿ ಏರುತ್ತದೆ. ಮನೆ ವೈರಿನ ಪಿವಿಸಿ ತಡೆಯುವುದು 70 ಡಿಗ್ರಿಯವರೆಗೆ. ನೀವು ಬ್ಯಾಟರಿ ಹತ್ತಿರ ಓಡಿ ಹೋಗುವಷ್ಟರಲ್ಲಿ ವೈರ್ ಉದ್ದಕ್ಕೂ ಉರಿಯುತ್ತಿರುತ್ತದೆ.

ನಿಮಗೆ ಬಂದ ವಾಸನೆ ಶಾರ್ಟ್‌ನದ್ದಲ್ಲ, ಶಾರ್ಟ್ ಆಗಿದ್ದರೆ ನೀವು ಬೇರೆಯೇ ಪತ್ರ ಬರೆಯಬೇಕಾಗುತ್ತಿತ್ತು. ಅದು ಮಾಮೂಲು ಚಾರ್ಜಿಂಗ್ ಕರೆಂಟಿನಿಂದಲೇ ಬಂದದ್ದು. ರಾತ್ರಿ ಖಾಲಿಯಾದ ದೊಡ್ಡ ಬ್ಯಾಟರಿ, ಎಂಜಿನ್ ಶುರುವಾದ ಕೂಡಲೇ ಆಲ್ಟರ್ನೇಟರಿನಿಂದ (ನೀವು ಡೈನಮೋ ಎನ್ನುವುದು, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ) 30–40 ಆಂಪ್ಸ್ ಎಳೆಯುತ್ತದೆ, ಅದೂ ಒಂದೆರಡು ಸೆಕೆಂಡಲ್ಲ, ಹತ್ತಿಪ್ಪತ್ತು ನಿಮಿಷ. ಜೊತೆಗೆ, ನೀವು ಸೆಲ್ಫ್ ಹೊಡೆದಾಗ ಗಾಡಿಯ ಬ್ಯಾಟರಿ 10 ವೋಲ್ಟಿಗೆ ಕುಸಿಯುತ್ತದೆ, ಆಗ ಹಿಂದಿನ ಬ್ಯಾಟರಿಯೂ ಅದೇ ವೈರಿನ ಮೂಲಕ ಸ್ಟಾರ್ಟರಿಗೆ ಕರೆಂಟ್ ಕಳಿಸಲು ನೋಡುತ್ತದೆ. ಮನೆಯ ಸ್ವಿಚ್ ಬೋರ್ಡಿಗೆ ಎಳೆಯುವ ವೈರ್ ಇದಕ್ಕೆ ಮಾಡಿದ್ದಲ್ಲ. ಬಿಚ್ಚಿದ ಮೇಲೆ ಆ ವೈರನ್ನು ಬೆರಳಲ್ಲಿ ಹಿಡಿದು ಉದ್ದಕ್ಕೂ ಸವರಿ ನೋಡಿ. ಸೀಟಿನ ಹಿಂದೆ ತಗಡಿನ ತೂತಿನಲ್ಲಿ ಹಾದುಹೋಗುವ ಜಾಗದಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಅಂಚಿನ ಗುರುತು ಒಳಗೆ ಕೂತಿರುವುದು ಕೈಗೆ ಸಿಗಬಹುದು. ವರ್ಕ್‌ಶಾಪಿಗೆ ಬರುವ ಇಂಥ ಗಾಡಿಗಳಲ್ಲಿ ನಾನು ಮೊದಲು ಹುಡುಕುವುದೇ ಆ ಗುರುತನ್ನು. ಅದರ ಕೆಳಗೆ ತಾಮ್ರ ಹೊಳೆಯುತ್ತಿದ್ದರೆ ಶಾರ್ಟ್ ಆಗಲು ಇನ್ನೇನೂ ಉಳಿದಿರುವುದಿಲ್ಲ.

ಈಗ ಸೆಲ್ಫ್ ವಿಷಯ. ನಾಲ್ಕನೇ ರಾತ್ರಿಯೇ ಯಾಕೆ ಕೈಕೊಟ್ಟಿತು ಎಂಬುದಕ್ಕೆ ಉತ್ತರ ನಿಮ್ಮ ವ್ಯಾಪಾರದ ಲೆಕ್ಕದಲ್ಲೇ ಇದೆ. ನಾಲ್ಕು ಲೈಟು ಸೇರಿ 40 ವ್ಯಾಟ್, ಫ್ಯಾನು 30, ಬಿಲ್ ಮಷಿನ್ನು ಮೊಬೈಲು ಸೇರಿ 15 ಎಂದು ಹಿಡಿಯೋಣ. ಅದು ಏಳು ಆಂಪ್ಸ್. ಫ್ರಿಜ್ ನಿಂತು ಓಡಿ, ನಿಂತು ಓಡಿ ಸರಾಸರಿ ಎರಡೂವರೆ ಆಂಪ್ಸ್. ಸಂಜೆ ಐದರಿಂದ ಹತ್ತೂವರೆಯವರೆಗೆ ಐದೂವರೆ ಗಂಟೆಗೆ 52 ಆಂಪ್ಸ್-ಅವರ್ (ಬ್ಯಾಟರಿ ಮೇಲೆ ಎಎಚ್ ಎಂದು ಬರೆಯುವುದು ಇದನ್ನೇ, ಆಂಪ್ಸನ್ನು ಗಂಟೆಯಿಂದ ಗುಣಿಸಿದ ಲೆಕ್ಕ). 500 ವ್ಯಾಟಿನ ಮಿಕ್ಸಿ ಓಡುವಾಗ ಇನ್ವರ್ಟರ್ ಬ್ಯಾಟರಿಯಿಂದ ಸುಮಾರು 50 ಆಂಪ್ಸ್ ಎಳೆಯುತ್ತದೆ. ಇಡೀ ಸಂಜೆಯಲ್ಲಿ ಹತ್ತು ನಿಮಿಷ ಓಡಿಸಿದರೂ ಇನ್ನೊಂದು ಎಂಟು. ಒಟ್ಟು ಅರವತ್ತು ಖರ್ಚು. ಜಮಾ ಎಷ್ಟು? ಮನೆಯಿಂದ ಜಾಗಕ್ಕೆ, ಜಾಗದಿಂದ ಮನೆಗೆ ಸೇರಿ ದಿನಕ್ಕೆ ಮುಕ್ಕಾಲು ಗಂಟೆ ಗಾಡಿ ಓಡುತ್ತದೆ ಎಂದುಕೊಂಡರೂ, ಸರಾಸರಿ 20 ಆಂಪ್ಸ್ ಹೋದರೂ, 15 ಆಂಪ್ಸ್-ಅವರ್. ದಿನಕ್ಕೆ ನಲವತ್ತೈದು ಸಾಲ. ಹಳೆಯ ಬ್ಯಾಟರಿಯ ಮೇಲೆ 150 ಎಂದು ಬರೆದಿದ್ದರೂ ಮನೆಯಲ್ಲಿ ದುಡಿದು ದಣಿದದ್ದು, ಒಳಗೆ ನೂರು ಉಳಿದಿದ್ದರೆ ಹೆಚ್ಚು. ಎರಡು ಬ್ಯಾಟರಿ ನೇರ ಸೇರಿಸಿದ್ದರಿಂದ ಹಿಂದಿನದು ಬರಿದಾಗುವಾಗ ಸೆಲ್ಫ್ ಹೊಡೆಯುವ ಬ್ಯಾಟರಿಯನ್ನೂ ಜೊತೆಗೆ ಎಳೆದುಕೊಂಡೇ ಹೋಯಿತು. ನಾಲ್ಕನೇ ರಾತ್ರಿಗೆ ಎರಡರಲ್ಲೂ ಏನೂ ಉಳಿದಿರಲಿಲ್ಲ.

ನೀವು ಕೇಳಿದ ಯಾವ ಸಲಹೆಯಲ್ಲೂ ಈ ಲೆಕ್ಕ ಇಲ್ಲ. ಡಯೋಡೋ ರಿಲೇಯೋ ಲಿಥಿಯಮ್ಮೋ ಎಂಬುದು ಆಮೇಲಿನ ಮಾತು. ಓವರ್‌ಹೆಡ್ ಟ್ಯಾಂಕ್ ಎಷ್ಟೇ ದೊಡ್ಡದು ಕಟ್ಟಿಸಿದರೂ ನಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಮಾತ್ರ ಬರುತ್ತಿದ್ದರೆ ನೀರು ಅಷ್ಟೇ. ನಿಮ್ಮಂತೆ ಹತ್ತಿರದಲ್ಲೇ ಓಡಾಡಿ ಗಂಟೆಗಟ್ಟಲೆ ನಿಲ್ಲುವ ಗಾಡಿಗೆ ಆಲ್ಟರ್ನೇಟರ್ ಮುಖ್ಯ ಆಸರೆ ಆಗಲಾರದು, ಎಷ್ಟು ಚೆನ್ನಾಗಿ ವೈರಿಂಗ್ ಮಾಡಿದರೂ ಅಷ್ಟೇ. ಹುಬ್ಬಳ್ಳಿ–ಬೆಂಗಳೂರು ಓಡುವ ಟೂರಿಸ್ಟ್ ಗಾಡಿಯವರು ಇದೇ ಪ್ರಶ್ನೆ ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ. ಅವರಿಗೆ ದಾರಿಯಲ್ಲಿ ಆರೇಳು ಗಂಟೆ ಚಾರ್ಜಿಂಗ್ ಸಿಗುತ್ತದೆ.

ಡೈನಮೋ ಸುಟ್ಟುಹೋಗುತ್ತದೆ ಎಂದು ಹೆದರಿಸಿದವರ ಮಾತು ಅರ್ಧ ಸರಿ. ಬ್ಯಾಟರಿ ದೊಡ್ಡದು ಎಂಬ ಒಂದೇ ಕಾರಣಕ್ಕೆ ಆಲ್ಟರ್ನೇಟರ್ ಸುಡುವುದಿಲ್ಲ. ತನ್ನ ಶಕ್ತಿಗೆ ಮೀರಿ ಅದು ಕೊಡುವುದೂ ಇಲ್ಲ. ಅದನ್ನು ಕೊಲ್ಲುವುದು ಬಿಸಿ. ಅದರ ಮೇಲೆ 80 ಅಥವಾ 90 ಆಂಪ್ಸ್ ಎಂದು ಬರೆದಿರುವುದು ಎಂಜಿನ್ ಜೋರಾಗಿ ತಿರುಗುವಾಗಿನ ಅಂಕಿ. ಐಡಲಿಂಗ್‌ನಲ್ಲಿ ಅದರ ಅರ್ಧ ಸಿಕ್ಕರೂ ಪುಣ್ಯ, ಆಗ ಅದರ ಸ್ವಂತ ಫ್ಯಾನೂ ನಿಧಾನ, ಮುಂದಿನಿಂದ ಗಾಳಿಯೂ ಇಲ್ಲ. ಖಾಲಿ ಬ್ಯಾಟರಿಯನ್ನು ಕಟ್ಟಿ ನಿಂತಲ್ಲೇ ಗಂಟೆಗಟ್ಟಲೆ ಐಡಲ್ ಬಿಟ್ಟರೆ ಒಳಗಿನ ಡಯೋಡುಗಳೂ ವೈಂಡಿಂಗೂ ಕಾದು ಆಯುಷ್ಯ ಕಳೆದುಕೊಳ್ಳುತ್ತವೆ. ಹಾಗಾಗಿ ಎಂಜಿನ್ ಬಂದ್ ಮಾಡದೆ ವ್ಯಾಪಾರ ಮಾಡು ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಡೀಸೆಲ್ ಸುಮ್ಮನೆ ಉರಿಯುತ್ತದೆ, ಬಿಎಸ್6 ಗಾಡಿಯ ಸೈಲೆನ್ಸರಿನಲ್ಲಿರುವ ಮಸಿ ಹಿಡಿಯುವ ಫಿಲ್ಟರ್ ಐಡಲಿಂಗಿನಲ್ಲಿ ಬೇಗ ಕಟ್ಟಿಕೊಳ್ಳುತ್ತದೆ, ಹೊಗೆ ನೇರ ನಿಮ್ಮ ಗಿರಾಕಿಗಳ ಮುಖಕ್ಕೂ ಮಂಡಕ್ಕಿಗೂ.

ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕುವ ಸಲಹೆ ಹಳೆಯ ಕಾಲದ್ದು. ಹಿಂದಿನ ಬ್ಯಾಟರಿ ಮುಂದಿನದನ್ನು ಬರಿದು ಮಾಡದಂತೆ ಅದು ತಡೆಯುತ್ತದೆ, ಅಷ್ಟರ ಮಟ್ಟಿಗೆ ಸರಿ. ಆದರೆ ಮಾಮೂಲು ಡಯೋಡ್ ದಾಟುವಾಗ 0.7 ವೋಲ್ಟ್ ಕಳೆದುಹೋಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೆ ಬ್ಯಾಟರಿಗೆ 13.5. ಲೆಡ್ ಆಸಿಡ್ ಬ್ಯಾಟರಿ ಆ ವೋಲ್ಟೇಜಿನಲ್ಲಿ ತುಂಬಲು ದಿನವಿಡೀ ಬೇಕು. ಅರ್ಧಂಬರ್ಧ ಚಾರ್ಜಿನಲ್ಲೇ ತಿಂಗಳುಗಟ್ಟಲೆ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಸಾಯುತ್ತದೆ. ಆಮೇಲೆ ಬ್ಯಾಟರಿ ಕಂಪನಿಯನ್ನು ಬೈಯುತ್ತೇವೆ.

ಲಿಥಿಯಂ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈಗ ಎಲ್ಲರ ಬಾಯಲ್ಲೂ ಅದೇ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ನಿಮ್ಮ ಕೆಲಸಕ್ಕೆ ಒಳ್ಳೆಯದೇ. ಹಗುರ, ಆಸಿಡ್ ಇಲ್ಲ, ನೂರರಲ್ಲಿ ಎಂಬತ್ತು ತೊಂಬತ್ತು ಭಾಗ ಬಳಸಿದರೂ ತಡೆಯುತ್ತದೆ. ಲೆಡ್ ಆಸಿಡ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಮುಗಿಯುತ್ತದೆ. ಆದರೆ ಲಿಥಿಯಂ ಅನ್ನು ನೇರ ಆಲ್ಟರ್ನೇಟರಿಗೆ ಕಟ್ಟುವುದು ನಿಮ್ಮ ಈಗಿನ ವ್ಯವಸ್ಥೆಗಿಂತಲೂ ಕೆಟ್ಟದ್ದು. ಅದರ ಒಳಗಿನ ತಡೆ ತೀರ ಕಡಿಮೆ. ಲೆಡ್ ಆಸಿಡ್ ತುಂಬುತ್ತಾ ಬಂದಂತೆ ತಾನಾಗಿ ಕರೆಂಟ್ ಇಳಿಸಿಕೊಳ್ಳುತ್ತದೆ, ಲಿಥಿಯಂ ಹೆಚ್ಚುಕಡಿಮೆ ಕೊನೆಯವರೆಗೂ ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತದೆ. ಆಲ್ಟರ್ನೇಟರ್ ಉಸಿರು ಬಿಡದೆ ದುಡಿಯಬೇಕು. ಇನ್ನೊಂದು ತೊಂದರೆ ಇದೆ. ಆ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಕಾವಲಿನ ಸರ್ಕ್ಯೂಟ್ ಇರುತ್ತದೆ. ಏನಾದರೂ ಸರಿಯಿಲ್ಲ ಎನಿಸಿದರೆ ಅದು ಚಾರ್ಜಿಂಗನ್ನು ಒಂದೇ ಏಟಿಗೆ ಕಡಿಯುತ್ತದೆ. ನಲವತ್ತು ಐವತ್ತು ಆಂಪ್ಸ್ ಹರಿಯುತ್ತಿದ್ದಾಗ ಹಠಾತ್ತನೆ ಕಡಿದರೆ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣಕಾಲ ಜಿಗಿಯುತ್ತದೆ. ಗಾಡಿಯ ಬ್ಯಾಟರಿ ಗಟ್ಟಿಯಾಗಿದ್ದರೆ ಆ ಏಟನ್ನು ಬಹುಪಾಲು ನುಂಗಿಕೊಳ್ಳುತ್ತದೆ, ಸೋತ ಬ್ಯಾಟರಿಯಾದರೆ ರೆಗ್ಯುಲೇಟರಿಗೋ ಇಸಿಯುಗೋ (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ಟು. ಲಿಥಿಯಂ ಬೇಕೆಂದರೆ ನಡುವೆ ವೋಲ್ಟೇಜನ್ನೂ ಕರೆಂಟನ್ನೂ ಹದ ಮಾಡಿ ಕೊಡುವ ಡಿಸಿ-ಡಿಸಿ ಚಾರ್ಜರ್ ಇರಲೇಬೇಕು.

ನಿಮ್ಮದು ಬಿಎಸ್6 ಗಾಡಿ ಎಂದದ್ದು ಇಲ್ಲಿ ಮುಖ್ಯ. 2020ರ ಏಪ್ರಿಲ್‌ನಿಂದ ಬಿಎಸ್6 ಕಡ್ಡಾಯವಾದ ಮೇಲೆ ಬಂದ ಹಲವು ಗಾಡಿಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಇಸಿಯು ನಡೆಸುತ್ತದೆ. ಎಲ್ಲದರಲ್ಲೂ ಅಲ್ಲ. ನಿಮ್ಮದರಲ್ಲಿ ಇದೆಯೇ ಎಂದು ಒಂದು ಮಲ್ಟಿಮೀಟರ್ ಇದ್ದರೆ ನೀವೇ ನೋಡಬಹುದು. ಮೀಟರಿನ ವೈರನ್ನು ಗಾಡಿಯ ಬ್ಯಾಟರಿಗೆ ಹಿಡಿಸಿ, ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿ ಹದಿನೈದು ನಿಮಿಷ ಓಡಿಸಿ ಬನ್ನಿ. ಅಂಕಿ ಯಾವಾಗಲೂ 13.8ರಿಂದ 14.4ರ ನಡುವೆ ನಿಂತಿದ್ದರೆ ಹಳೆಯ ಪದ್ಧತಿಯ ಆಲ್ಟರ್ನೇಟರ್. ಸಮತಟ್ಟು ರಸ್ತೆಯಲ್ಲಿ 12.5ರ ಆಸುಪಾಸಿಗೆ ಇಳಿದು, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ 14.5ಕ್ಕೂ ಮೇಲೆ ಏರಿದರೆ ಅದು ಇಸಿಯು ಹೇಳಿದಂತೆ ಕೇಳುವ ಆಲ್ಟರ್ನೇಟರ್. ಗಾಡಿಯ ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಚಿಕ್ಕ ಡಬ್ಬಿಯಂಥದ್ದು ಕೂತು ಅದರಿಂದ ತೆಳು ವೈರ್ ಹೊರಟಿದ್ದರೆ ಅದು ಬ್ಯಾಟರಿ ಸೆನ್ಸರ್. ಬ್ಯಾಟರಿಗೆ ಹೋಗುವ ಬರುವ ಪ್ರತಿ ಆಂಪ್ಸ್ ಅನ್ನೂ ಅದು ಎಣಿಸುತ್ತದೆ. ಹಿಂದಿನ ಬ್ಯಾಟರಿಯ ಮೈನಸ್ ಅನ್ನು ತಂದು ಆ ಟರ್ಮಿನಲ್ಲಿಗೇ ಕಟ್ಟಿದರೆ ಲೆಕ್ಕ ತಪ್ಪಿ ಇಸಿಯು ತಪ್ಪು ತಪ್ಪಾಗಿ ಚಾರ್ಜ್ ಮಾಡುತ್ತದೆ. ಮೈನಸ್ ಯಾವಾಗಲೂ ಛಾಸಿಗೆ ಹೋಗಬೇಕು, ಪೇಂಟ್ ಕೆರೆದು, ಬೆಳ್ಳಗಿನ ಲೋಹ ಕಂಡ ಮೇಲೆ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿ.

ಹಳೆಯ ಪದ್ಧತಿಯ ಆಲ್ಟರ್ನೇಟರ್ ಇದ್ದು, ಹಿಂದೆಯೂ ಲೆಡ್ ಆಸಿಡ್ ಬ್ಯಾಟರಿಯೇ ಆದರೆ ವೋಲ್ಟೇಜ್ ನೋಡಿ ಕೂಡುವ ರಿಲೇ ಸಾಕು, ಅಂಗಡಿಯಲ್ಲಿ ವಿಎಸ್ಆರ್ ಎಂದು ಕೇಳಿ. ಎಂಜಿನ್ ಓಡಿ ವೋಲ್ಟೇಜ್ ಸುಮಾರು 13.3 ದಾಟಿದಾಗ ಎರಡು ಬ್ಯಾಟರಿಗಳನ್ನು ಸೇರಿಸುತ್ತದೆ, 12.8ರ ಹತ್ತಿರ ಇಳಿದಾಗ ಬಿಡಿಸುತ್ತದೆ. ನೀವು ವ್ಯಾಪಾರ ಮಾಡುವಾಗ ಮುಂದಿನ ಬ್ಯಾಟರಿಗೆ ಯಾರೂ ಕೈ ಹಾಕುವುದಿಲ್ಲ. ಹಾರ್ನ್ ರಿಲೇಯನ್ನೇ ಇದಕ್ಕೆ ಬಳಸಬೇಡಿ, ಅದರ ಪಾಯಿಂಟುಗಳು ಅಂಟಿಕೊಂಡರೆ ಎರಡೂ ಬ್ಯಾಟರಿ ಸೇರಿಯೇ ಉಳಿಯುತ್ತವೆ, ನಿಮಗೆ ಗೊತ್ತಾಗುವುದು ಮತ್ತೊಂದು ರಾತ್ರಿ ತಳ್ಳುವಾಗ. ಕೈಯಿಂದ ತಿರುಗಿಸುವ ದೊಡ್ಡ ಸ್ವಿಚ್ಚೂ ಸಿಗುತ್ತದೆ. ಅಗ್ಗ, ಗಟ್ಟಿ. ಆದರೆ ರಾತ್ರಿ ಹನ್ನೊಂದಕ್ಕೆ ಸುಸ್ತಾಗಿ ಬಾಣಲೆ ತೊಳೆದು ಹೊರಡುವವರಿಗೆ ಸ್ವಿಚ್ ನೆನಪಿರುವುದಿಲ್ಲ, ಅದಕ್ಕೇ ನಾನು ಅದನ್ನು ಹೇಳುವುದಿಲ್ಲ.

ಇಸಿಯು ನಡೆಸುವ ಆಲ್ಟರ್ನೇಟರ್ ಆದರೆ ವಿಎಸ್ಆರ್ ಕೂಡುತ್ತಾ ಬಿಡುತ್ತಾ ಇರುತ್ತದೆ, ಹಿಂದಿನ ಬ್ಯಾಟರಿ ತುಂಬುವುದೇ ಇಲ್ಲ. ಅಲ್ಲಿ ಡಿಸಿ-ಡಿಸಿ ಚಾರ್ಜರ್ ಒಂದೇ ದಾರಿ. ಒಳಗೆ 12.5 ಬರಲಿ 15 ಬರಲಿ, ಹೊರಗೆ ಬ್ಯಾಟರಿಗೆ ಬೇಕಾದ ವೋಲ್ಟೇಜನ್ನೇ ಕೊಡುತ್ತದೆ, ಕರೆಂಟನ್ನೂ ತನ್ನ ಮಿತಿಯಲ್ಲಿಡುತ್ತದೆ. 20 ಆಂಪ್ಸಿನದು ನಿಮಗೆ ಸಾಕು. ಅದು ಹೊರಗೆ 20 ಕೊಡುವಾಗ ಒಳಗೆ 25–26 ಎಳೆಯಬಹುದು, ವೈರ್ ಆರಿಸುವಾಗ ಆ ಅಂಕಿ ನೋಡಿ. ಇಗ್ನಿಷನ್ ಆನ್ ಆದಾಗ ಮಾತ್ರ ಕೆಲಸ ಮಾಡುವಂತೆ ಅದರ ಸಿಗ್ನಲ್ ವೈರ್ ಕೊಡಿಸಿ. ಒಲೆಯ ಹತ್ತಿರ, ಮುಚ್ಚಿದ ಡಬ್ಬಿಯೊಳಗೆ ಇಡಿಸಬೇಡಿ, ಅದೂ ಬಿಸಿಯಾಗುವ ವಸ್ತು.

ಇಷ್ಟು ಹೇಳಿದ ಮೇಲೂ ನಿಮಗೆ ನನ್ನ ಮೊದಲ ಸಲಹೆ ಇವೆರಡೂ ಅಲ್ಲ. ಆಲ್ಟರ್ನೇಟರಿನ ಗೊಡವೆಯೇ ಬೇಡ, ಎರಡನೇ ಬ್ಯಾಟರಿಯನ್ನು ಗಾಡಿಯ ವೈರಿಂಗಿನಿಂದ ಪೂರ್ತಿ ಬೇರೆ ಇಡಿ. ರಾತ್ರಿ ಮನೆಗೆ ಬಂದ ಮೇಲೆ ಒಳ್ಳೆಯ 15 ಆಂಪ್ಸ್ ಆಟೋಮ್ಯಾಟಿಕ್ ಚಾರ್ಜರಿಗೆ ಹಾಕಿ. 60 ಆಂಪ್ಸ್-ಅವರ್ ತುಂಬಲು ಕರೆಂಟ್ ಒಂದು ಯೂನಿಟ್ ಚಿಲ್ಲರೆ ಖರ್ಚು. ಬೆಳಿಗ್ಗೆಯ ಹೊತ್ತಿಗೆ ತುಂಬಿರುತ್ತದೆ. ಲೋಡ್ ಶೆಡ್ಡಿಂಗ್ ಇದ್ದರೂ ಮಧ್ಯಾಹ್ನದವರೆಗೆ ಸಮಯ ಇದೆ. ಗಾಡಿಯ ವಾರಂಟಿಗೂ ಇಸಿಯುಗೂ ಯಾವ ತೊಂದರೆಯೂ ಇಲ್ಲ. ಇನ್ನೂ ಒಂದಷ್ಟು ಹಣ ಹಾಕುವುದಾದರೆ ಕ್ಯಾಂಟೀನಿನ ಚಾವಣಿಯ ಮೇಲೆ 200 ವ್ಯಾಟಿನ ಸೋಲಾರ್ ಪ್ಯಾನಲ್ ಕೂರಿಸಿ. ನಿಮ್ಮ ಗಾಡಿ ಹಗಲೆಲ್ಲ ಬಿಸಿಲಲ್ಲೇ ತಾನೇ ನಿಂತಿರುವುದು? ದಾವಣಗೆರೆಯ ಒಣ ಬಿಸಿಲಿನಲ್ಲಿ ಮಟ್ಟಸವಾಗಿ ಮಲಗಿಸಿದ ಪ್ಯಾನಲ್ ಕೂಡ ಒಳ್ಳೆಯ ದಿನ 50 ಆಂಪ್ಸ್-ಅವರ್ ಹತ್ತಿರ ಕೊಡುತ್ತದೆ. ಮಳೆಗಾಲದಲ್ಲಿ ಅದನ್ನು ನಂಬಬೇಡಿ, ಆಗ ಮನೆಯ ಚಾರ್ಜರ್. ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಬೇಕು, ಬೋಲ್ಟುಗಳನ್ನು ತಿಂಗಳಿಗೊಮ್ಮೆ ಬಿಗಿ ನೋಡಬೇಕು, ಓಡುವ ಗಾಡಿಯಿಂದ ಪ್ಯಾನಲ್ ಹಾರಿದರೆ ಹಿಂದೆ ಬರುವವರ ಪ್ರಾಣಕ್ಕೆ ಕುತ್ತು.

ಈ ಎರಡರ ಮೇಲೆ, ಜಾತ್ರೆಗೋ ದೂರದ ಊರಿಗೋ ಹೋಗುವ ಅಭ್ಯಾಸ ಇದ್ದರೆ ಮಾತ್ರ ಆಲ್ಟರ್ನೇಟರ್ ಲೈನ್ ಎಳೆಸಿ. ಎಳೆಸುವಾಗ ಈ ಮಾತುಗಳನ್ನು ಎಲೆಕ್ಟ್ರಿಷಿಯನ್ ಎದುರು ನಿಂತು ಹೇಳಿ. ನಾಲ್ಕೈದು ಮೀಟರಿಗೆ 16 ಎಂಎಂ ತಾಮ್ರದ ಬ್ಯಾಟರಿ ಕೇಬಲ್, ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದದ್ದಲ್ಲ. ಕೇಬಲ್ ಕತ್ತರಿಸಿದ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ. ಫ್ಯೂಸ್ ಎರಡು ಬೇಕು, ಒಂದಲ್ಲ. ಪ್ರತಿ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಒಂದೊಂದು. ಇದನ್ನು ಅನುಭವಿ ಮೆಕ್ಯಾನಿಕ್‌ಗಳೂ ಬಿಟ್ಟುಬಿಡುತ್ತಾರೆ. ವೈರ್ ನಡುವೆ ಎಲ್ಲೋ ಬಾಡಿಗೆ ತಾಗಿದರೆ ಮುಂದಿನ ಫ್ಯೂಸ್ ಹಾರುತ್ತದೆ, ಸರಿ. ಹಿಂದಿನ ಬ್ಯಾಟರಿಯೂ ಅದೇ ವೈರಿಗೆ ಕರೆಂಟ್ ಸುರಿಯುತ್ತಲೇ ಇರುತ್ತದೆ, ಅದನ್ನು ನಿಲ್ಲಿಸುವವರು ಯಾರು? ಎರಡು ತುದಿಯಲ್ಲೂ ಬ್ಯಾಟರಿ ಇರುವ ವೈರಿಗೆ ಎರಡು ತುದಿಯಲ್ಲೂ ಫ್ಯೂಸ್. 20 ಆಂಪ್ಸ್ ಡಿಸಿ-ಡಿಸಿಗೆ 40ರ ಫ್ಯೂಸ್, ವಿಎಸ್ಆರ್ ಆದರೆ 60. ಪದೇ ಪದೇ ಹಾರುತ್ತದೆ ಎಂದು ದೊಡ್ಡ ಫ್ಯೂಸ್ ಹಾಕಬೇಡಿ, ಫ್ಯೂಸ್ ಕಾಯುವುದು ವೈರನ್ನು. ಬೋಲ್ಟ್ ಹಾಕಿ ಕೂರಿಸುವ ಫ್ಯೂಸ್ ತನ್ನಿ, ಗಾಜಿನ ಫ್ಯೂಸಿನ ಹೋಲ್ಡರ್ ಇಷ್ಟು ಕರೆಂಟಿಗೆ ಕರಗುತ್ತದೆ. ಮನೆಯ ಎಂಸಿಬಿಯನ್ನೂ ಇಲ್ಲಿ ನಂಬಬೇಡಿ, ಡಿಸಿಯಲ್ಲಿ ಅದು ಬೀಳುವ ಮಟ್ಟವೇ ಬೇರೆ, ಗಾಡಿಯ ಕುಲುಕಾಟಕ್ಕೂ ಅದು ಮಾಡಿದ್ದಲ್ಲ.

ಕೇಬಲ್ ತುದಿಗೆ ಹಾಕುವ ಲಗ್ ಅನ್ನು ಹೈಡ್ರಾಲಿಕ್ ಪಂಚ್‌ನಲ್ಲಿ ಒತ್ತಿಸಿ, ಸುತ್ತಿಗೆಯಲ್ಲಿ ಜಜ್ಜಿದ ಲಗ್ ಆರು ತಿಂಗಳಿಗೆ ಸಡಿಲವಾಗುತ್ತದೆ, ಸಡಿಲ ಲಗ್ ಬಿಸಿಯಾಗುತ್ತದೆ. ತಗಡಿನ ತೂತು ದಾಟುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್, ಉದ್ದಕ್ಕೂ ಸುಕ್ಕು ಪೈಪು, ಗೇಣು ಗೇಣಿಗೆ ಕ್ಲಿಪ್ಪು. ಸೈಲೆನ್ಸರ್, ಡೀಸೆಲ್ ಪೈಪು, ಬ್ರೇಕ್ ಪೈಪು ಇವುಗಳ ಪಕ್ಕ ಹಾಯಿಸಬೇಡಿ. ಫ್ಯೂಸ್ ಕೂರಿಸುವುದು ಎಲ್ಲ ಮುಗಿದ ಮೇಲೆ, ಕೊನೆಗೆ. ಇನ್ವರ್ಟರಿಗೆ ಬ್ಯಾಟರಿಯಿಂದ ಪ್ರತ್ಯೇಕ ದಪ್ಪ ಕೇಬಲ್ಲು, ಪ್ರತ್ಯೇಕ ಫ್ಯೂಸು. ಕೆಲಸ ಮುಗಿದ ಮೇಲೆ, ಹಿಂದಿನ ಬ್ಯಾಟರಿ ಅರ್ಧ ಖಾಲಿ ಇರುವಾಗ ಎಂಜಿನ್ ಶುರು ಮಾಡಿ ಕಾಲು ಗಂಟೆ ಬಿಟ್ಟು ಪ್ರತಿ ಲಗ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಅಲ್ಲಿ ಜಾಯಿಂಟ್ ಕೆಟ್ಟಿದೆ.

ಬ್ಯಾಟರಿ ಇಡುವ ಜಾಗದ ಬಗ್ಗೆ ಎಷ್ಟು ಒತ್ತಿ ಹೇಳಿದರೂ ಸಾಲದು. ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಸೇರಿದರೆ ಕಿಡಿಗೆ ಸಿಡಿಯುತ್ತದೆ. ಅದು ಹಗುರ, ಮೇಲಕ್ಕೆ ಹೋಗಿ ಮುಚ್ಚಳದಡಿ ನಿಲ್ಲುತ್ತದೆ. ಅಡುಗೆ ಗ್ಯಾಸ್ ಇದಕ್ಕೆ ತದ್ವಿರುದ್ಧ. ಗಾಳಿಗಿಂತ ಭಾರ, ಸೋರಿದರೆ ಬಾಕ್ಸಿನ ತಳದಲ್ಲಿ ಕೂರುತ್ತದೆ, ನೂರಕ್ಕೆ ಎರಡು ಭಾಗ ಸಾಕು ಹೊತ್ತಿಕೊಳ್ಳಲು. ಎರಡೂ ಒಂದೇ ಬಾಕ್ಸಿನಲ್ಲಿದ್ದು ನಡುವೆ ರಿಲೇ ಒಂದು ಟಕ್ ಎಂದರೆ ಏನಾಗಬಹುದು ಎಂದು ನೀವೇ ಯೋಚಿಸಿ. ಸಿಲಿಂಡರ್ ಒಂದು ಕಡೆ, ಬ್ಯಾಟರಿ ಅದರ ಎದುರಿನ ಕಡೆ, ನಡುವೆ ತಗಡಿನ ಗೋಡೆ. ಸಿಲಿಂಡರ್ ಬಾಕ್ಸಿಗೆ ತಳದಲ್ಲಿ ಹೊರಗೆ ತೆರೆಯುವ ತೂತುಗಳು, ಬ್ಯಾಟರಿ ಬಾಕ್ಸಿಗೆ ಮೇಲ್ಗಡೆ. ಫ್ಯೂಸು, ರಿಲೇ, ಇನ್ವರ್ಟರ್ ಯಾವುದೂ ಸಿಲಿಂಡರ್ ಬಾಕ್ಸಿನೊಳಗೆ ಬೇಡ. ಬ್ಯಾಟರಿಯನ್ನು ಕಬ್ಬಿಣದ ಪಟ್ಟಿ ಹಾಕಿ ಬಿಗಿದು ಕಟ್ಟಿಸಿ, ಪ್ಲಸ್ ಟರ್ಮಿನಲ್ ಮೇಲೆ ರಬ್ಬರ್ ಟೋಪಿ ಇರಲಿ. ಜಾಲರಿ ಸೌಟು ಒಂದು ಬಿದ್ದರೂ ಶಾರ್ಟ್.

ಮನೆಯ ಟ್ಯೂಬುಲಾರ್ ಬ್ಯಾಟರಿಯನ್ನು ಗಾಡಿಯಲ್ಲಿ ಮುಂದುವರಿಸಬೇಡಿ ಎಂದೇ ಹೇಳುತ್ತೇನೆ. ಅದು ಅಲುಗಾಡದೆ ಒಂದು ಕಡೆ ನಿಲ್ಲಲು ಮಾಡಿದ್ದು. ಐವತ್ತು ಕೆಜಿಗೂ ಹೆಚ್ಚು ಭಾರ, ಎತ್ತರ ಜಾಸ್ತಿ, ಹಂಪ್ ಹಾರಿದಾಗಲೆಲ್ಲ ಮುಚ್ಚಳದಿಂದ ಆಸಿಡ್ ಜಿನುಗುತ್ತದೆ, ನೀವು ತಿಂಡಿ ಮಾಡುವ ಜಾಗ ಅದು. ಬದಲಿಗೆ ಸೀಲ್ ಮಾಡಿದ, ಪದೇ ಪದೇ ಇಳಿದು ಏರುವುದಕ್ಕೆಂದೇ ಮಾಡಿದ 120 ಎಎಚ್ ಲೆಡ್ ಆಸಿಡ್ ಬ್ಯಾಟರಿ, ಅಥವಾ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್. ಚಾರ್ಜರ್ ಆಯಾ ಬ್ಯಾಟರಿಗೆ ಹೊಂದುವುದೇ ಆಗಿರಬೇಕು, ಸೋಲಾರ್ ಕಂಟ್ರೋಲರಿನ ಸೆಟ್ಟಿಂಗೂ. ಲಿಥಿಯಂ ಆದರೆ ಬಾಣಲೆಯ ಕಾವು ತಾಗದ ಕಡೆ ಇಡಿ. ಕಾರಿನ ಮಾಮೂಲು ಬ್ಯಾಟರಿ ತಂದರೆ ಕೆಲವೇ ತಿಂಗಳಿಗೆ ಕೂರುತ್ತದೆ, ಅದರ ತೆಳು ಪ್ಲೇಟುಗಳು ಸೆಲ್ಫ್ ಎತ್ತುವ ಒಂದು ಕ್ಷಣದ ಏಟಿಗೆ ಮಾತ್ರ. ಲೋಡಿನ ಕಡೆ ವೋಲ್ಟೇಜ್ ತೀರ ಇಳಿದಾಗ ತಾನಾಗಿ ಕಡಿಯುವ ಕಟ್-ಆಫ್ ಹಾಕಿಸಿ, ಲೆಡ್ ಆಸಿಡ್‌ಗೆ ಲೋಡ್ ಇರುವಾಗ 11.8 ವೋಲ್ಟಿಗೆ ಸೆಟ್ ಮಾಡಿದರೆ ಸರಿ. ಬೆಳಿಗ್ಗೆ ಚಾರ್ಜರ್ ತೆಗೆದು ಒಂದೆರಡು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ: ಲೆಡ್ ಆಸಿಡ್ ಆದರೆ 12.6ರ ಮೇಲೆ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಚಟ್ನಿಯನ್ನು ಮನೆಯಲ್ಲೇ ರುಬ್ಬಿ ತಂದರೆ ಇನ್ವರ್ಟರೂ ಬೇಡ, ಅದರ ದಪ್ಪ ಕೇಬಲ್ಲೂ ಬೇಡ. ಸಾಧ್ಯವೇ ಎಂದು ನೋಡಿ.

ಕಾಗದಪತ್ರದ ವಿಷಯವನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ದಾಖಲಾದ ಕಂಪನಿಯ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ನಿಮ್ಮ ಕ್ಯಾಂಟೀನ್ ಬಾಡಿ ಆರ್‌ಸಿಯಲ್ಲಿ ನಮೂದಾಗಿದೆಯೇ ನೋಡಿಕೊಳ್ಳಿ, ಆಗಿಲ್ಲದಿದ್ದರೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ವಿಮೆ ಕಂಪನಿಗೂ ಬ್ಯಾಟರಿ, ಇನ್ವರ್ಟರ್ ಇರುವುದನ್ನು ಬರೆದು ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಬೆಂಕಿಯ ಕ್ಲೇಮ್ ಬಂದಾಗ ಸರ್ವೇಯರ್ ಹುಡುಕುವುದೇ ಹೊರಗಿನಿಂದ ಸೇರಿಸಿದ ವೈರ್. ಒಂದು ಡ್ರೈ ಪೌಡರ್ ಅಗ್ನಿಶಾಮಕ ಸಿಲಿಂಡರನ್ನು ಒಲೆಯ ಹಿಂದೆ ಅಲ್ಲ, ಬಾಗಿಲ ಹತ್ತಿರ ಕೈಗೆ ಸಿಗುವಂತೆ ನೇತುಹಾಕಿ.

ಹಳೆಯ ಟ್ಯೂಬುಲಾರ್ ಇನ್ನೂ ಚಾರ್ಜ್ ಹಿಡಿಯುತ್ತಿದ್ದರೆ ಮನೆಯಲ್ಲಿ ಒಂದೆರಡು ಲೈಟಿಗೆ ಆಗುತ್ತದೆ. ಸತ್ತಿದ್ದರೆ ಹೊಸದು ಕೊಳ್ಳುವ ಅಂಗಡಿಯಲ್ಲೇ ಬದಲಿಗೆ ಕೊಡಿ, ಅದರ ಸೀಸಕ್ಕೆ ಒಳ್ಳೆಯ ಬೆಲೆ ಬರುತ್ತದೆ. ಗುಜರಿಯವರು ಭಾರ ಕಡಿಮೆ ಮಾಡಲು ಆಸಿಡ್ ಚರಂಡಿಗೆ ಸುರಿದು ಬನ್ನಿ ಎಂದರೆ ಅಂಥವರಿಗೆ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮನೆಕಸದ ಜೊತೆ ಸೇರದೆ ಸರಿಯಾದ ರೀಸೈಕ್ಲಿಂಗ್ ಜಾಗಕ್ಕೇ ಹೋಗಬೇಕು. ಬ್ಯಾಟರಿಯನ್ನು ಓರೆ ಮಾಡದೆ ನೆಟ್ಟಗೆ ನಿಲ್ಲಿಸಿ, ಟರ್ಮಿನಲ್ಲುಗಳಿಗೆ ಟೇಪ್ ಸುತ್ತಿ ತೆಗೆದುಕೊಂಡು ಹೋಗಿ.